ಪಿಸ್ಟನ್ ಇಲ್ಲದ ಕಾರು

ನಮ್ಮ ಮನೆಯ ಕೋಳಿಗಳು ಜಪಾನಿನ ಸ್ಪೋರ್ಟ್ಸ್ ಕಾರಿನಲ್ಲಿ ಮೊಟ್ಟೆ ಇಡುತ್ತಿದ್ದವು. ನಾನು ಯಲಿಯೂರಿನಿಂದ ಮದುವೆಯಾಗಿ ಮದ್ದೂರಿನ ಕಡೆಯ ಕೊಪ್ಪದ ಪಕ್ಕದ ಈ ಊರಿಗೆ ಬರುವ ಹೊತ್ತಿಗಾಗಲೇ ಆ ಕಾರು ಅವುಗಳ ಸ್ವಾಧೀನದಲ್ಲಿತ್ತು. ಕೊಟ್ಟಿಗೆಯ ಪಕ್ಕದಲ್ಲಿ ಶೀಟು ಹೊದಿಸಿದ ಒಂದು ಮಾಡು, ಅದರ ಕೆಳಗೆ ಹರಿದ ಟಾರ್ಪಾಲು, ಟಾರ್ಪಾಲಿನ ಕೆಳಗೆ ಕಾರು. ಡ್ರೈವರ್ ಕಡೆಯ ಗಾಜು ಅರ್ಧ ಇಳಿದು ಅಲ್ಲೇ ಸಿಕ್ಕಿಕೊಂಡಿತ್ತು, ಕೋಳಿಗಳಿಗೆ ಅದೇ ಬಾಗಿಲು. ಬೆಳಿಗ್ಗೆ ಮೊಟ್ಟೆ ಬೇಕೆಂದರೆ ನಮ್ಮತ್ತೆ, ಬೇರೆಯವರ ಮನೆಯಲ್ಲಿ ಫ್ರಿಜ್ಜಿನಲ್ಲಿ ನೋಡು ಅನ್ನುವ ಹಾಗೆ, "ಕಾರ್ನಾಗೆ ನೋಡವ್ವ" ಅನ್ನುತ್ತಿದ್ದರು.

ಕಾರು ಅತ್ತೆಯ ಅಣ್ಣನದು. ಸಿಂಗಾಪುರದಲ್ಲಿ ಹಡಗು ರಿಪೇರಿ ಮಾಡುವ ಕಡೆ ವೆಲ್ಡರ್ ಆಗಿದ್ದ ಅವರು ಒಮ್ಮೆ ಇನ್ನು ಊರಲ್ಲೇ ಇರುತ್ತೇನೆಂದು ಗಂಟುಮೂಟೆ ಕಟ್ಟಿ, ಕಾರನ್ನೂ ಹಡಗಿಗೆ ಹತ್ತಿಸಿಕೊಂಡು ಬಂದರಂತೆ. ಕರೆಂಟಿಲ್ಲದ ಬೇಸಿಗೆಯೊಂದನ್ನು ಕಂಡು ಮನಸ್ಸು ಬದಲಾಯಿಸಿ, ಕಾರನ್ನು ತಂಗಿಯ ಗಂಡನ ಹೆಸರಿಗೆ ಮಾಡಿ ವಾಪಸ್ ಹೊರಟುಹೋದರು. ಎರಡು ಬಾಗಿಲು, ಎರಡೇ ಸೀಟು, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು, ಮುಚ್ಚಿ ತೆರೆಯುವ ದೀಪಗಳು. ನಮ್ಮೂರಿನ ರಸ್ತೆಗೆ ಇಷ್ಟು ಹೊಂದದ ವಸ್ತು ಹುಡುಕಿದರೂ ಸಿಗದು.

ಮಾವ ಸರ್ಕಾರಿ ಬಸ್ಸಿನ ಡ್ರೈವರ್. ಮಳವಳ್ಳಿ, ಮದ್ದೂರು, ಮಂಡ್ಯ ರೂಟಿನಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡು ರಿಟೈರ್ ಆದವರು. ರಜೆಯ ದಿನ ಈ ಕಾರು ಓಡಿಸುತ್ತಿದ್ದರಂತೆ. ಒಂದು ದಿನ ಅದು ನಿಂತಿತು. ರಿಪೇರಿ ಮಾಡಬಲ್ಲವರು ಸಿಗಲಿಲ್ಲ, ಕೋಳಿಗಳು ಸಿಕ್ಕವು.

ನನಗೂ ಮಾವನಿಗೂ ಮಾತುಕತೆ ಕಡಿಮೆ. ನಮ್ಮ ಕಡೆ ಸೊಸೆ ಜಗಲಿಗೆ ಬಂದರೆ ಮಾವ ಎದ್ದು ಹೋಗುವುದು ಮರ್ಯಾದೆ. ನಾನು ಮದ್ದೂರಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತಾ ದಿನವಿಡೀ ವಟವಟ ಅನ್ನುವವಳು, ಮನೆಗೆ ಬಂದರೆ ಮಾವನೊಡನೆ "ಕಾಫಿ ತಗೊಳಿ" ಅನ್ನುವುದೇ ಭಾಷಣ. ನನ್ನ ಗಂಡ ಮಂಡ್ಯದ ಆಫೀಸಿಗೆ ಬಸ್ಸಿನಲ್ಲಿ ಹೋಗಿಬರುವ ಸಾಧು ಪ್ರಾಣಿ. ಡ್ರೈವರ್ ಮಗನಾದರೂ ಸ್ಟಿಯರಿಂಗ್ ಕಂಡರೆ ಬೆವರುತ್ತಾರೆ.

ಹೀಗಿರುವಾಗ ಕಬ್ಬು ಕಡಿಯುವ ಕಾಲದಲ್ಲಿ, ರಸ್ತೆಗೆ ಬಿದ್ದಿದ್ದ ಸೋಗೆಯ ಮೇಲೆ ನನ್ನ ಸ್ಕೂಟರ್ ಜಾರಿತು. ಕಾಲಿಗೆ ಪ್ಲಾಸ್ಟರ್ ಹಾಕಿ ಮನೆಯಲ್ಲಿ ಕೂರಿಸಿದರು. ಹಿತ್ತಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಎದುರಿಗೆ ಕಾಣುವುದು ಎರಡೇ: ಎಮ್ಮೆ ಮತ್ತು ಕಾರು. ಎಮ್ಮೆಯ ಬಗ್ಗೆ ತಿಳಿಯಬೇಕಾದ್ದೆಲ್ಲ ತಿಳಿದ ಮೇಲೆ ಒಂದು ಬೆಳಿಗ್ಗೆ, ಎಮ್ಮೆ ಉಜ್ಜುತ್ತಿದ್ದ ಮಾವನನ್ನು ಕೇಳಿಯೇಬಿಟ್ಟೆ.

"ಮಾವ, ಈ ಕಾರು ಯಾಕೆ ನಿಂತೋಯ್ತು?"

ಮಾವ ಎಮ್ಮೆಯ ಬೆನ್ನ ಮೇಲಿಂದಲೇ ನೋಡಿದರು. "ಅದಾ? ಅದ್ಕೆ ಕೊಬ್ಬು ಕಣವ್ವ."

ಅಷ್ಟಕ್ಕೇ ಮುಗಿಯಿತು ಅಂದುಕೊಂಡೆ. ಆದರೆ ಅವರು ಹುಲ್ಲಿನ ಉಂಡೆಯನ್ನು ಬಕೆಟ್ಟಿಗೆ ಎಸೆದು ನನ್ನ ಕಡೆ ತಿರುಗಿದರು. "ಬಸ್ಸು ಎಮ್ಮೆ ಇದ್ದಂಗೆ. ತಳ್ಳುದ್ರೆ ಓಯ್ತದೆ, ಬುಟ್ರೆ ನಿಂತ್ಕತದೆ. ಇದು ಅಂಗಲ್ಲ. ಕಾಲ್ ಮಡುಗುದ್ರೆ ಸಾಕು, ಬೆನ್ನಿಗೆ ಒದೀತದೆ! ಮಳವಳ್ಳಿ ರೋಡ್ನಾಗೆ ಒಂದ್ಸಲ ಒತ್ಬುಟ್ಟೆ ನೋಡು, ಟವಲ್ಲು ಇಂದ್ಗಡೆ ಉಳ್ಕತು, ನಾನು ಮುಂದ್ಕೋದೆ."

ಅಂದು ಮಾವ ಮಾತಾಡಿದಷ್ಟು ಹೊತ್ತು ಎಮ್ಮೆ ಅರ್ಧ ಒದ್ದೆಯಾಗಿ ನಿಂತಿತ್ತು. ಕೊನೆಗೆ ನಾನೇ ಅಂದೆ, "ರಿಪೇರಿ ಮಾಡಿಸೋಣ."

"ಯಾರ್ ಮಾಡ್ತರೆ?"

"ನಾವೇ ನೋಡೋಣ ಬಿಡಿ ಮಾವ."

ಅಡ್ಡಿ ಬಂದದ್ದು ಅತ್ತೆಯಿಂದ. ಡ್ರೈವರ್ ಸೀಟಿನಲ್ಲಿ ಒಂದು ಕೋಳಿ ಕಾವಿಗೆ ಕೂತಿತ್ತು. "ಅದ್ ಏಳೋಗಂಟ ಯಾವನೂ ಕಾರ್ ಮುಟ್ಟಂಗಿಲ್ಲ. ನನ್ ಸವತಿ ಮ್ಯಾಗೆ ಇವತ್ ನಿಮ್ ಮಾವನ್ಗೆ ಪ್ರೀತಿ ಉಕ್ತಾ ಅದೆ. ಇಷ್ಟ್ ದಿನ ಅದುನ್ನ ಸಾಕಿದ್ದು ನನ್ ಕೋಳಿ" ಅಂದರು. ಹಾಗಾಗಿ ಮರಿಗಳು ಹೊರಬಂದು, ತಾಯಿ ಅವನ್ನು ಕರೆದುಕೊಂಡು ಇಳಿಯುವತನಕ ನಾನು ಮೊಬೈಲಿನಲ್ಲಿ ಕಾರಿನ ಚಿತ್ರ ನೋಡುತ್ತಾ, ಮಾವ ಸ್ಪ್ಯಾನರಿಗೆ ಎಣ್ಣೆ ಹಚ್ಚುತ್ತಾ ಕಾಯುತ್ತಾ ಕೂತೆವು.

ಕೋಳಿ ಎದ್ದ ಮೇಲೆ ಮಾವ ಮದ್ದೂರಿನಿಂದ ಒಬ್ಬ ಟ್ರ್ಯಾಕ್ಟರ್ ಮೆಕ್ಯಾನಿಕನನ್ನು ಕರೆತಂದರು. ತನ್ನ ಬಗ್ಗೆ ತನಗೇ ಬಹಳ ಗೌರವವಿದ್ದ ಮನುಷ್ಯ. ಬಂದವನೇ ಟೈರಿಗೊಂದು ಒದ್ದ. "ಮೋಟ್ರು ಅಂದ್ರೆ ಮೋಟ್ರು ಕಣಮ್ಮ. ಜಪಾನಾದ್ರೇನು, ಜಕ್ಕನಳ್ಳಿ ಆದ್ರೇನು? ಸಂಜಿಗೆ ಸ್ಟಾರ್ಟ್ ಮಾಡ್ಕೊಟ್ಟು ಓಯ್ತೀನಿ" ಅಂದ. ಬಾನೆಟ್ ಎತ್ತಿ ತಲೆ ಒಳಗಿಟ್ಟ. ಬಹಳ ಹೊತ್ತು ತಲೆ ಹೊರಗೆ ಬರಲಿಲ್ಲ. ಬಂದಾಗ ಮುಖದಲ್ಲಿ ಪೊಲೀಸಿನವರ ಕಳೆಯಿತ್ತು.

"ಯಜಮಾನ್ರೆ, ಇದ್ರಾಗೆ ಪಿಸ್ಟನ್ನೇ ಇಲ್ಲ."

"ಇಲ್ಲ ಅಂದ್ರೆ?"

"ಇಲ್ಲ ಅಂದ್ರೆ ಇಲ್ಲ. ಸಿಲಿಂಡರ್ ಎಡ್ಡೂ ಇಲ್ಲ, ವಾಲ್ವೂ ಇಲ್ಲ. ಯಾರೋ ಕಳ್ನನ್ಮಗ ಪೂರಾ ಬಳ್ಕಂಡ್ ಓಗವ್ನೆ."

ಮಾವ ಒಂದು ಕ್ಷಣ ಯೋಚಿಸಿದರು, ಒಂದೇ ಕ್ಷಣ. ಎದುರು ಮನೆಯ ದಾಯಾದಿಗೂ ಅವರಿಗೂ ಗದ್ದೆಯ ಬದುವಿನ ಜಗಳ, ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಕಾರು ನಿಂತ ವರ್ಷವೇ ದಾಯಾದಿ ಹೊಸ ಪಂಪ್‌ಸೆಟ್ ಹಾಕಿಸಿದ್ದರು. ಮಾವನಿಗೆ ಇಷ್ಟು ಸಾಕ್ಷಿ ಸಾಕಾಯಿತು. ಟವಲ್ ಹೆಗಲಿಗೆ ಹಾಕಿಕೊಂಡು ಸೀದಾ ಟೀ ಅಂಗಡಿಗೆ ನಡೆದರು. ಅಲ್ಲಿ ನಡೆದದ್ದನ್ನು ಊರಿನ ಪ್ರತಿಯೊಬ್ಬರೂ ನನಗೆ ಬೇರೆ ಬೇರೆಯಾಗಿ ಬಂದು ಹೇಳಿದ್ದರಿಂದ ಅನುಮಾನವಿಲ್ಲ.

"ಲೇ, ನನ್ ಪಿಸ್ಟನ್ ಎಲ್ಲಿ ಮಡ್ಗಿದ್ದೀಯ್ಲಾ?" ಅಂದರಂತೆ ಮಾವ.

ದಾಯಾದಿ ಲೋಟ ಕೆಳಗಿಟ್ಟು, "ನಿನ್ ಪಿಸ್ಟನ್ ಸವ್ದೋಗಿದ್ರೆ ಡಾಕ್ಟ್ರ ತಾವ್ಕೆ ಓಗ್ಲಾ. ನನ್ ತಾವ್ಕೆ ಯಾಕ್ ಬಂದೆ?" ಅಂದರಂತೆ.

ಟೀ ಅಂಗಡಿ ಬಹಳ ಹೊತ್ತು ನಕ್ಕಿತು. ಈಗಲೂ ಮಾವ ಆ ಕಡೆ ಹೋದರೆ ಯಾರಾದರೊಬ್ಬರು, "ಸಿಕ್ತಾ ಯಜಮಾನ್ರೆ?" ಅನ್ನುತ್ತಾರೆ.

ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ಹುಡುಕಿ ವಿಷಯ ಪತ್ತೆ ಮಾಡಿದ್ದೆ. ಅದು ಪಿಸ್ಟನ್ ಇರುವ ಜಾತಿಯ ಇಂಜಿನ್ನೇ ಅಲ್ಲ. ನಡು ಸಣ್ಣಗಿರುವ ಒಂದು ಗೂಡು, ಅದರೊಳಗೆ ಮೂರು ಮೂಲೆಯ ಉಬ್ಬಿದ ಕಬ್ಬಿಣದ ತುಂಡೊಂದು ಗರಗರ ತಿರುಗುತ್ತದೆ. ಅಂಥವು ಎರಡು, ಅಕ್ಕಪಕ್ಕ. ಮೇಲೆ ಕೆಳಗೆ ಹೋಗುವ ಮಾತೇ ಇಲ್ಲ. ಅತ್ತೆ ನನ್ನ ಹೆಗಲ ಮೇಲಿಂದ ಇಣುಕಿ, "ರುಬ್ಬೋ ಗುಂಡು ಕಣಮ್ಮ ಇದು. ಇದ್ಕೆ ಅಷ್ಟ್ ರಂಪ ಮಾಡುದ್ರಾ?" ಅಂದು ಒಳಗೆ ಹೋದರು. ಮೆಕ್ಯಾನಿಕ್ಕಿಗೆ ಕಿಂಚಿತ್ತೂ ನಾಚಿಕೆಯಾಗಲಿಲ್ಲ. "ನಾನೇನ್ ಸುಳ್ ಯೋಳುದ್ನಾ? ಪಿಸ್ಟನ್ ಇಲ್ಲ ಅಂದೆ. ಇಲ್ಲ ತಾನೆ?"

ದಾಯಾದಿಗೆ ತಪ್ಪಾಯಿತು ಅನ್ನಿ ಎಂದು ಮಾವನಿಗೆ ಹೇಳಿದೆ. ಅವರು ಗಂಭೀರವಾಗಿ ಯೋಚಿಸಿ ಅಂದರು: "ಕದ್ದಿಲ್ಲ, ಸರಿ. ಇದ್ದಿದ್ರೆ ಕದೀತಿದ್ದ."

ಮರುದಿನ ಬೆಳಿಗ್ಗೆ ದಾಯಾದಿಯೇ ನಮ್ಮ ಹಿತ್ತಿಲಿಗೆ ಬಂದರು. ಎಷ್ಟೋ ವರ್ಷದ ಮೇಲೆ ಆ ಗೇಟು ದಾಟಿದ್ದು. ಮಾವನ ಕಡೆ ನೋಡದೆ ನನ್ನನ್ನು ಕೇಳಿದರು, "ನನ್ನ ಕಳ್ಳ ಅನ್ಸಿದ್ ಇಂಜಿನ್ನು ಯಾವ್ದವ್ವ? ಅದ್ರ ಮೊಕ ನೋಡ್ಬೇಕು." ನೋಡಿದರು. ಬಗ್ಗಿ ನೋಡಿದರು, ಕೂತು ನೋಡಿದರು. ಇಂಜಿನ್ ಮೇಲೆತ್ತದೆ ಕೆಲಸವಾಗದು ಎಂದು ಮೆಕ್ಯಾನಿಕ್ ಹೇಳಿದಾಗ ತಮ್ಮ ಆಲೆಮನೆಯಿಂದ ಬೆಲ್ಲದ ಕೊಪ್ಪರಿಗೆ ಎತ್ತುವ ಚೈನ್ ಪುಲ್ಲಿ ತರಿಸಿದರು. ಆಮೇಲೆ ಅಲ್ಲೇ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತವರು ಕೆಲಸ ಮುಗಿಯುವತನಕ ದಿನಾ ಬಂದು ಕೂತರು. ಆದರೆ ಮಾವನೊಡನೆ ಮಾತಿಲ್ಲ. ಇಬ್ಬರ ನಡುವೆ ಒಂದು ಮಾರು ದೂರ, ಮಾತೆಲ್ಲ ನನ್ನ ಮೂಲಕ.

"ನಿಮ್ ಮಾವನ್ಗೆ ಯೋಳವ್ವ, ಆ ನಟ್ಟು ಎಡಕ್ ತಿರುಗ್ಸಬೇಕು."

"ಅವನ್ಗೆ ಯೋಳವ್ವ, ನಾನು ಗಾಡಿ ಓಡ್ಸಕ್ ಸುರು ಮಾಡ್ದಾಗ ಅವ್ನು ಮೂಗ್ನಾಗೆ ಬೆರ್ಳಿಟ್ಕಂಡ್ ನಿಂತಿದ್ದ."

ನಾನು ಇಬ್ಬರಿಗೂ ಏನನ್ನೂ ಹೇಳುತ್ತಿರಲಿಲ್ಲ. ಇಬ್ಬರಿಗೂ ಎಲ್ಲವೂ ಕೇಳಿಸುತ್ತಿತ್ತು.

ಇಂಜಿನ್ ಬಿಚ್ಚಿದೆವು. ಆ ಮೂರು ಮೂಲೆಯ ತುಂಡಿಗೆ ಒಂದೊಂದು ಮೂಲೆಯಲ್ಲೂ ತೆಳ್ಳನೆಯ ಲೋಹದ ಪಟ್ಟಿ ಇರುತ್ತದೆ. ಗೂಡಿನ ಗೋಡೆಗೆ ಒತ್ತಿಕೊಂಡು ಉಸಿರು ಸೋರದಂತೆ ತಡೆಯುವ ಆ ಪಟ್ಟಿಗೆ ಸೀಲು ಎನ್ನುತ್ತಾರೆ. ನಮ್ಮವು ಸವೆದು ಚೂರಿಯಂತಾಗಿದ್ದವು. ಕಾರಿಗೆ ಇದ್ದದ್ದು ಕೊಬ್ಬಲ್ಲ, ಉಬ್ಬಸ. ಸೀಲು ಇಲ್ಲಿ ಸಿಗುವ ಮಾತಿಲ್ಲ. ಅತ್ತೆ ಸಿಂಗಾಪುರದ ಅಣ್ಣನಿಗೆ ಫೋನ್ ಹಚ್ಚಿದರು. ನನಗೆ ಕೊಡಿ, ನಾನು ಹೇಳುತ್ತೇನೆ ಅಂದರೂ ಕೊಡಲಿಲ್ಲ. "ನಮ್ಮಣ್ಣನ್ಗೆ ನಾನ್ ಯೋಳಿದ್ರೇ ತಿಳ್ಯೋದು. ಅಣ್ಣಾ, ಮೂರ್ ಮೂಲೆದು ಸೀಲಂತೆ, ಗಟ್ಟಿಯಾಗಿರ್ಬೇಕಂತೆ, ಬಿರ್ನೆ ಕಳ್ಸು."

ಅಣ್ಣ ಬಿರ್ರನೆ ಕಳಿಸಿದರು. ಊರಿಗೆ ಬರುತ್ತಿದ್ದ ಯಾರದೋ ಕೈಯಲ್ಲಿ ಚಾಕಲೇಟು, ತಲೆನೋವಿನ ಮುಲಾಮು, ಜೊತೆಗೊಂದು ಡಬ್ಬಿ. ತೆರೆದರೆ ಮೂರು ಮೂಲೆಯ ರಬ್ಬರ್ ಸೀಲು, ಇಂಕಿನ ಪ್ಯಾಡಿನ ಸಮೇತ. ಅದರಲ್ಲಿ ಇಂಗ್ಲಿಷಿನಲ್ಲಿ ಮಾವನ ಹೆಸರು. ಮಾವ ಅದನ್ನು ಅಂಗೈಗೆ ಒತ್ತಿಕೊಂಡು ನೋಡಿದರು. ಮೆಕ್ಯಾನಿಕ್, "ಇದುನ್ನ ಒಳಿಕ್ಕಾಕುದ್ರೆ ನಿಮ್ ಹೆಸ್ರು ಸೈಲೆನ್ಸರ್ ಒಗೆನಾಗೆ ಬರ್ತದಾ?" ಅಂದ. ಆಮೇಲೆ ನಾನು ಚಿತ್ರ ಸಮೇತ ಬರೆದು ಸರಿಯಾದ ಸೀಲು ತರಿಸಿಕೊಂಡೆ. ರಬ್ಬರ್ ಸೀಲು ವ್ಯರ್ಥವಾಗಲಿಲ್ಲ. ಆ ವರ್ಷ ಅತ್ತೆ ನಮ್ಮ ರಾಗಿ ಮೂಟೆಗಳಿಗೆಲ್ಲ ಅದನ್ನು ಒತ್ತಿದರು.

ಪ್ಲಾಸ್ಟರ್ ತೆಗೆದರು, ಕಾಲೇಜು ಶುರುವಾಯಿತು, ಆದರೂ ಸಂಜೆ ಬಂದ ಕೂಡಲೇ ನಾನು ಮಾಡಿನ ಕೆಳಗೆ. ಕೋಳಿ ಹಿಕ್ಕೆ ಕೆರೆದು ತೆಗೆಯುವುದಕ್ಕೇ ಎಷ್ಟೋ ಭಾನುವಾರ ಹೋದವು. ಪೆಟ್ರೋಲ್ ಟ್ಯಾಂಕಿನೊಳಗಿನ ತುಕ್ಕಿಗೆ ಅತ್ತೆ ಹುಣಸೆಹಣ್ಣು ಕಿವುಚಿ ಕೊಟ್ಟರು. ಜಲ್ಲಿ ಹಾಕಿ ನಾನೂ ಮಾವನೂ ಆ ಕಡೆ ಈ ಕಡೆ ಹಿಡಿದು ಅಲ್ಲಾಡಿಸಿದೆವು. ಬಾಗಿಲ ಕೆಳಗಿನ ತಗಡು ಹಪ್ಪಳದಂತೆ ಉದುರುತ್ತಿತ್ತು, ಕತ್ತರಿಸಿ ಹೊಸದನ್ನು ಬೆಸೆಸಿದೆವು. ಬ್ರೇಕು ಹಿಡಿಯುವಂತಾಗಲು ಬಹಳ ಕಾಲ ಹಿಡಿಯಿತು. ಈ ಕೆಲಸದಲ್ಲಿ ಮಾವ ನನ್ನನ್ನು ಬೈಯಲು ಶುರು ಮಾಡಿದ್ದರು. "ಥೂ, ಅಂಗಲ್ಲ ಕಣವ್ವ, ಪಾಠ ಮಾಡೋರ್ಗೆ ನಟ್ಟು ಇಡ್ಕಳಕ್ ಬರಲ್ವಾ?" ಅಂದ ಮೊದಲ ದಿನ ನನಗೆ ಒಳಗೊಳಗೇ ಎಂಥದೋ ಖುಷಿ. ಮದುವೆಯಾಗಿ ಅಷ್ಟು ವರ್ಷಕ್ಕೆ ಆ ಮನೆಯಲ್ಲಿ ನನ್ನನ್ನು ಯಾರೋ ಮನೆಯವಳಂತೆ ಬೈದಿದ್ದರು.

ಸ್ಟಾರ್ಟ್ ಮಾಡುವ ದಿನ ಊರೇ ಸೇರಿತ್ತು. ಮಾವ ಕೀ ತಿರುಗಿಸಿದರು. ಕೆಮ್ಮಿತು, ಉಗಿಯಿತು, ಆಮೇಲೆ ಹರಿದ ಡೋಲಿನ ಹಾಗೆ ಬಡಿದುಕೊಳ್ಳಲು ಶುರು ಮಾಡಿತು. ಹಿಂದಿನಿಂದ ಎದ್ದ ಬಿಳಿ ಹೊಗೆ ನೋಡಿ ಪಕ್ಕದೂರಿನವರು ಕಬ್ಬಿಗೆ ಬೆಂಕಿ ಬಿತ್ತೆಂದು ಬೈಕಿನಲ್ಲಿ ಓಡಿಬಂದರು. ಮಾವ ಖುಷಿಯಲ್ಲಿ ದೀಪದ ಗುಂಡಿ ಒತ್ತಿದರು. ಮಲಗಿದ್ದ ಎರಡು ದೀಪಗಳಲ್ಲಿ ಒಂದು ಮಾತ್ರ ಮೇಲೆದ್ದಿತು. ಎದುರಿಗೆ ನಿಂತಿದ್ದ ಹೆಂಗಸರ ಗುಂಪಿಗೆ ಕಾರು ಕಣ್ಣು ಹೊಡೆದಂತಾಯಿತು. "ಓಡ್ಸೋನ್ ಬುದ್ಧಿ ಗಾಡಿಗೂ ಬಂದದೆ" ಅಂದರು ಅತ್ತೆ. ದಾಯಾದಿ ಕಲ್ಲಿನ ಮೇಲೆ ಕೂತಿದ್ದವರು ಎದ್ದು ಬಂದು, ನೇರವಾಗಿ ಮಾವನಿಗೇ ಅಂದರು: "ಲೇ, ಆಫ್ ಮಾಡ್ಲಾ ಸಾಕು. ನನ್ ಎಮ್ಮೆ ಅಗ್ಗ ಕಿತ್ಕಂಡ್ ಓಯ್ತು." ಮಾವ, "ಓದ್ರೆ ಓಗ್ಲಿ ಬುಡ್ಲಾ, ಇಬ್ರೂ ಓಗಿ ಇಡ್ಕಬರಾನ" ಅಂದರು. ಇಬ್ಬರೂ ಗದ್ದೆಯ ಕಡೆ ಹೊರಟರು. ಆ ಬದುವಿನ ಮೇಲೇ ನಡೆದುಕೊಂಡು ಹೋದರು.

ಮುಂದಿನದು ಮಂಡ್ಯದ ಆರ್‌ಟಿಒದಲ್ಲಿ ಗಾಡಿ ತಪಾಸಣೆ. ಹೊರಡುವ ದಿನ ಬೆಳಿಗ್ಗೆ ನನ್ನ ಗಂಡ ಅಪರೂಪಕ್ಕೆ ಧೈರ್ಯ ತಂದುಕೊಂಡು, ಗದ್ದೆಗೆ ಹೊರಟಿದ್ದ ಟ್ರ್ಯಾಕ್ಟರೊಂದಕ್ಕೆ ದಾರಿಯಾಗಲೆಂದು ಕಾರನ್ನು ಸ್ಟಾರ್ಟ್ ಮಾಡಿ ಒಂದು ಮಾರು ಮುಂದೆ ತಂದು ಆಫ್ ಮಾಡಿದರು. ಈ ಇಂಜಿನ್ನಿಗೆ ಮಾಡಬಾರದ ಕೆಲಸ ಅದೊಂದೇ. ಬಿಸಿಯಾಗುವ ಮುಂಚೆ ಆರಿಸಿದರೆ ಒಳಗೆಲ್ಲ ಪೆಟ್ರೋಲ್ ತುಂಬಿಕೊಂಡು ಪ್ಲಗ್ಗು ಒದ್ದೆಯಾಗಿ ಕೂರುತ್ತದೆ. ಕೂತಿತು. ಮಾವ ಮಗನಿಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಮಗ ಶಾಂತವಾಗಿ ಟಿಫನ್ ಡಬ್ಬಿ ತೆಗೆದುಕೊಂಡು ಬಸ್ಸಿಗೆ ಹೋದರು. ನಾನು ಪ್ಲಗ್ಗುಗಳನ್ನೆಲ್ಲ ಬಿಚ್ಚಿ ಉಜ್ಜಿ ಒರೆಸಿ ಒಳಗೆ ಒಯ್ದೆ. ಅತ್ತೆ ರೊಟ್ಟಿ ತೆಗೆದು, ಅದೇ ಕಾವಲಿಯ ಮೇಲೆ ಪ್ಲಗ್ಗು ಹರಡಿ, ಚಿಮುಟದಲ್ಲಿ ತಿರುವಿ ಹಾಕಿದರು. "ಎಷ್ಟ್ ಬೇಯ್ಬೇಕು?" ಅಂದರು. ಕೈಗೆ ಸುಡುವಷ್ಟು ಅಂದೆ. ಬಿಸಿಬಿಸಿ ಪ್ಲಗ್ಗು ಹಾಕಿದ ಮೇಲೆ ಕಾರು ಎದ್ದಿತು.

ಮಾವ ಓಡಿಸಿದರು, ನಾನು ಪಕ್ಕದಲ್ಲಿ. ಮದ್ದೂರಿನ ಕಡೆ ಚೆನ್ನಾಗಿಯೇ ಹೋಗುತ್ತಿದ್ದೆವು. ದಾರಿಯಲ್ಲಿ ಒಂದು ಊರಿನ ಬಸ್ ಸ್ಟಾಪು ಬಂತು. ಒಬ್ಬ ಅಜ್ಜಿ ಸೊಪ್ಪಿನ ಮಂಕರಿ ಇಟ್ಟುಕೊಂಡು ನಿಂತಿದ್ದಳು. ಮಾವ ತಮಗರಿವಿಲ್ಲದೆ ಎಡಕ್ಕೆ ತಿರುಗಿಸಿ, ಸ್ಟಾಪಿನ ಮುಂದೆ ಅಳೆದಂತೆ ನಿಲ್ಲಿಸಿದರು. ಅಜ್ಜಿ ಬಾಗಿಲು ತೆಗೆದಳು.

"ಮದ್ದೂರ್ಗೆ ಓಯ್ತದಾ?"

"ಓಯ್ತದೆ, ಅತ್ಕ" ಅಂದರು ಮಾವ. ಬಾಯಿಗೆ ಅದೇ ಅಭ್ಯಾಸ.

ಅಜ್ಜಿ ನನ್ನನ್ನು ನೋಡಿ, "ಸರ್ಕಳವ್ವ" ಅಂದಳು. ಸರಿಯುವುದಕ್ಕೆ ಎಲ್ಲಿದೆ ಜಾಗ? ಒಂದು ಕಡೆ ಗೇರು, ಇನ್ನೊಂದು ಕಡೆ ಅಜ್ಜಿ. ಹತ್ತಿಸಿಕೊಂಡ ಪ್ಯಾಸೆಂಜರನ್ನು ಇಳಿಸುವುದು ಮಾವನ ಸರ್ವೀಸಿನಲ್ಲೇ ಇಲ್ಲ. ಅವರು ನನ್ನ ಮುಖ ನೋಡಿದರು. ನಾನೇ ಇಳಿದೆ. ಅಜ್ಜಿ ಮಂಕರಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತು, ಸೆರಗಿನ ಗಂಟು ಬಿಚ್ಚಿ ಆಧಾರ್ ಕಾರ್ಡ್ ತೆಗೆದು ಮಾವನಿಗೆ ತೋರಿಸಿದಳು. "ಎಂಗಸ್ರಿಗೆ ಫ್ರೀ ಅಲ್ವಾ?" ಮಾವ ಕಾರ್ಡನ್ನು ಎರಡೂ ಕಡೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. ಕಾರು ಬಡಿದುಕೊಳ್ಳುತ್ತಾ ಹೊರಟಿತು. ಫಿಸಿಕ್ಸ್ ಮೇಡಂ ಬಸ್ ಸ್ಟಾಪಿನಲ್ಲಿ ನಿಂತಿದ್ದನ್ನು ನೋಡಿ ನನ್ನದೇ ಕಾಲೇಜಿನ ಮೂರು ಹುಡುಗಿಯರು ನಮಸ್ಕಾರ ಮಾಡಿದರು. ಅಜ್ಜಿಯನ್ನು ಮದ್ದೂರಿನ ಸಂತೆಮಾಳದಲ್ಲಿ ಇಳಿಸಿ ಮಾವ ನನಗಾಗಿ ವಾಪಸ್ ಬಂದಾಗ ಸೀಟಿನ ಮೇಲೆ ಒಂದು ಕಟ್ಟು ಮೆಂತ್ಯ ಸೊಪ್ಪಿತ್ತು.

ಮಂಡ್ಯದಲ್ಲಿ ತಪಾಸಣೆಯ ಸಾಹೇಬರು ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. "ಎಷ್ಟು ಸಿಲಿಂಡರ್?"

"ಒಂದೂ ಇಲ್ಲ ಸ್ವಾಮಿ" ಅಂದರು ಮಾವ.

"ಮತ್ತೆ ಹೆಂಗ್ರೀ ಓಡುತ್ತೆ?"

"ಸಿಟ್ಟಿಂದ ಓಡ್ತದೆ."

ಸಾಹೇಬರು ನಗಲಿಲ್ಲ. ಆದರೆ ಓಡಿಸಿ ನೋಡುತ್ತೇನೆಂದು ಹೋದವರು ಬಯಲಲ್ಲಿ ಇನ್ನೂ ಎರಡು ಸುತ್ತು ಹೆಚ್ಚಿಗೆ ಹಾಕಿ ಬಂದರು. ಇಳಿದಾಗ ಮುಖ ಕೆಂಪಾಗಿತ್ತು. ಪಾಸಾಯಿತು.

ಕಾರು ಪಾಸಾದ ಮೇಲೆ ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಮುಗಿಯುವುದಿಲ್ಲ. ಆ ಇಂಜಿನ್ ಹುಟ್ಟಿನಿಂದಲೇ ಆಯಿಲ್ ಕುಡಿಯುತ್ತದೆ. ಪೆಟ್ರೋಲ್ ಹಾಕಿಸಿದಾಗೆಲ್ಲ ಕಡ್ಡಿ ಅದ್ದಿ ನೋಡಿ ಆಯಿಲ್ ಹಾಕಬೇಕು. ಮೆಕ್ಯಾನಿಕ್ ಇದನ್ನು ರೋಗವೆಂದೇ ವಾದಿಸುತ್ತಾನೆ. ಮಾವ, "ನಮ್ಮೂರ್ನಾಗೆ ಕುಡೀದೆ ಕೆಲ್ಸ ಮಾಡೋನ್ ಒಬ್ಬುನ್ನ ತೋರ್ಸು" ಅನ್ನುತ್ತಾರೆ. ಮಳೆ ಬಂದರೆ ಬಾಗಿಲ ಸಂದಿಯಿಂದ ನೀರು ಬರುತ್ತದೆ. ಏಳದ ದೀಪವನ್ನು ಬಾನೆಟ್ ಎತ್ತಿ ಕೈಯಿಂದ ತಿರುಗಿಸಿ ಎಬ್ಬಿಸಬೇಕು. ಮಾವನ ಎಡಗಣ್ಣಿಗೆ ಪೊರೆ ಬಂದಿದ್ದರಿಂದ ಈಗ ಹೆಚ್ಚಾಗಿ ನಾನೇ ಓಡಿಸುತ್ತೇನೆ. ಅವರು ಪಕ್ಕದಲ್ಲಿ ಕೂತು ಪ್ರತಿ ತಿರುವಿನಲ್ಲೂ ತಮ್ಮ ಕಡೆ ಇಲ್ಲದ ಬ್ರೇಕನ್ನು ಒತ್ತುತ್ತಾರೆ.

ಹೋದ ತಿಂಗಳು ಅತ್ತೆಯ ತವರು ದುದ್ದದಲ್ಲಿ ಅವರ ತಮ್ಮನ ಮೊಮ್ಮಗುವಿನ ನಾಮಕರಣ. ಬಸ್ಸಿನಲ್ಲಿ ನೂಕುನುಗ್ಗಲು, ನಾನು ಕಾರಲ್ಲೇ ಬರುತ್ತೇನೆ ಅಂದರು ಅತ್ತೆ. ಮಾವನನ್ನು ಎಮ್ಮೆಗೆ ಒಪ್ಪಿಸಿ ನಾವಿಬ್ಬರೇ ಹೊರಟೆವು. ರೇಷ್ಮೆ ಸೀರೆ, ಎಲೆ ಅಡಿಕೆ ಚೀಲ, ತೊಡೆಯ ಮೇಲೆ ಒಂದು ಡಬ್ಬಿ ಕಜ್ಜಾಯ. ದಾರಿಯುದ್ದಕ್ಕೂ, "ಮೆಲ್ಲುಕ್ಕೆ ಓಡ್ಸವ್ವ, ನಂ ಕಡೇರು ಯಾರಾರ ಸಿಕ್ತರೆ" ಅನ್ನುತ್ತಿದ್ದರು. ಗಾಜು ಇಳಿಸಿಕೊಂಡು, ಗುರುತಿರಲಿ ಇಲ್ಲದಿರಲಿ ಎಲ್ಲರನ್ನೂ ಮಾತಾಡಿಸಿಕೊಂಡು ಬಂದರು. ದುದ್ದ ತಲುಪಿ ಮನೆಯ ಮುಂದೆ ನಿಲ್ಲಿಸಿದೆ. ಬಾಗಿಲು ತೆಗೆದೆ. ಅತ್ತೆ ಒಂದು ಕಾಲು ಹೊರಗಿಟ್ಟರು. ಅಷ್ಟು ತಗ್ಗಿನ ಸೀಟಿನಿಂದ ಅವರ ಮಂಡಿ ಮೇಲೇಳುವುದಿಲ್ಲ ಎಂಬುದು ನಮ್ಮಿಬ್ಬರಿಗೂ ಆಗಲೇ ಹೊಳೆದದ್ದು. ಅಣ್ಣತಮ್ಮಂದಿರ ಸೊಸೆಯರು ಒಂದು ಕೈ ಎಳೆದರು, ನಾನು ಇನ್ನೊಂದು ಕೈ. ಕಜ್ಜಾಯದ ಡಬ್ಬಿ ಬಂತು, ಅತ್ತೆ ಬರಲಿಲ್ಲ. ಇನ್ನೊಮ್ಮೆ ಎಳೆಯುವಷ್ಟರಲ್ಲಿ ಅವರು ಕೈ ಕೊಡವಿ ಹಿಂದಕ್ಕೆ ಒರಗಿಬಿಟ್ಟರು.

"ಬುಡ್ರವ್ವ, ನಾನೇನ್ ಮರುದ್ ಬೇರಾ ಕೀಳಕ್ಕೆ? ಇಲ್ಲೇ ಚಂದಾಗದೆ. ಮಗೀನ ಇಲ್ಲಿಗೇ ಕರ್ಕಬನ್ನಿ. ಕಾಪಿನೂ ಇಲ್ಲಿಗೇ ಕಳ್ಸಿ."

ಮಗು ಬಂತು, ಕಾಫಿ ಬಂತು, ಆಮೇಲೆ ಊಟದ ಎಲೆಯೂ ತಟ್ಟೆಯ ಮೇಲೆ ಬಂತು. ಮಗುವಿನ ಕಿವಿಯಲ್ಲಿ ಅವರು ಹೆಸರು ಹೇಳಿದ್ದು ಕಾರಿನೊಳಗೇ. ನೆಂಟರು ಸಾಲಾಗಿ ಬಂದು ಕಿಟಕಿಯಲ್ಲಿ ತಲೆ ತೂರಿಸಿ ಕ್ಷೇಮ ವಿಚಾರಿಸಿದರು. ನಿಂತೇ ಮಾತಾಡಲು ನೋಡಿದ ಒಬ್ಬ ದೊಡ್ಡ ಮನುಷ್ಯನಿಗೆ ಅತ್ತೆ ಒಳಗಿನಿಂದ ಗದರಿದರು, "ಏನ್ಲಾ, ನಿನ್ ಸೊಂಟ ನೋಡ್ಕಂಡ್ ಮಾತಾಡ್ಲಾ ನಾನು? ಬಗ್ಗು."

ಆತ ಬಗ್ಗಿದ.